ನಿಂತಲ್ಲೇ ಆಫ್ ಆಗುವ ಹಳೆಯ ಕಾರು: ಥ್ರಾಟಲ್ ಸ್ಕ್ರೂ ಮುಟ್ಟುವ ಮುನ್ನ

ಕೆಂಪು ದೀಪ ಕಂಡು ಕಾರು ನಿಲ್ಲಿಸಿದೊಡನೆ ಎಂಜಿನ್ ನಡುಗುತ್ತದೆ, ಎರಡು ಬಾರಿ ಕೆಮ್ಮುತ್ತದೆ, ಆಮೇಲೆ ನಿಶ್ಶಬ್ದ. ಹಸಿರು ದೀಪ ಬರುವಷ್ಟರಲ್ಲಿ ಹಿಂದಿನಿಂದ ಹಾರ್ನ್‌ಗಳ ಸುರಿಮಳೆ. ಕಾರ್ಬುರೇಟರ್ ಕಾಲದ ಕಾರನ್ನು ಇನ್ನೂ ಉಳಿಸಿಕೊಂಡಿರುವವರಿಗೆ ಇದು ಅಪರಿಚಿತ ಸಂಗತಿಯೇನಲ್ಲ. ಗ್ಯಾರೇಜಿಗೆ ಹೋದರೆ ಬಹಳಷ್ಟು ಕಡೆ ದೊರೆಯುವ ಚಿಕಿತ್ಸೆಯೂ ಒಂದೇ: ಬಾನೆಟ್ ಎತ್ತಿ, ಕಾರ್ಬುರೇಟರ್ ಪಕ್ಕದ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸಿ, 'ರೇಸ್ ಏರಿಸಿ' ಕಳಿಸುವುದು. ಎರಡು ನಿಮಿಷದ ಕೆಲಸ. ಕಾರು ಆಫ್ ಆಗುವುದೂ ನಿಲ್ಲುತ್ತದೆ. ಆದರೆ ತಿಂಗಳೊಳಗೆ ಪೆಟ್ರೋಲ್ ಖರ್ಚು ಏರುತ್ತದೆ, ಎಮಿಷನ್ ಟೆಸ್ಟ್‌ನಲ್ಲಿ ತಕರಾರು ಬರುತ್ತದೆ, ಕೀಲಿ ತಿರುಗಿಸಿ ಆಫ್ ಮಾಡಿದ ಮೇಲೂ ಎಂಜಿನ್ ಒಂದೆರಡು ಕ್ಷಣ ಗಡಗಡ ಎನ್ನುತ್ತಲೇ ಇರುತ್ತದೆ.

ಐಡ್ಲಿಂಗ್ ಸರಿಪಡಿಸುವ ಕೆಲಸದಲ್ಲಿ ಆ ಸ್ಕ್ರೂವಿನ ಸರದಿ ಕಟ್ಟಕಡೆಯದು. ಅದನ್ನೇ ಮೊದಲು ತಿರುಗಿಸಿದರೆ ರೋಗ ಉಳಿದು ಲಕ್ಷಣ ಮಾತ್ರ ಮರೆಯಾಗುತ್ತದೆ. ಮರೆಯಾದ ರೋಗ ಕೆಲವೊಮ್ಮೆ ಬ್ರೇಕಿನದೂ ಆಗಿರಬಹುದು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಐಡ್ಲಿಂಗ್ ಎಂದರೆ ಏನು?

ಎಕ್ಸಲರೇಟರ್‌ನಿಂದ ಕಾಲು ತೆಗೆದಾಗ ಕಾರ್ಬುರೇಟರ್‌ನ ಕೆಳಭಾಗದಲ್ಲಿರುವ ಥ್ರಾಟಲ್ ಕವಾಟ ಬಹುತೇಕ ಮುಚ್ಚಿಕೊಳ್ಳುತ್ತದೆ. ಪೂರ್ತಿ ಮುಚ್ಚಿದರೆ ಎಂಜಿನ್‌ಗೆ ಉಸಿರೇ ಇಲ್ಲ. ಆದ್ದರಿಂದ ಕವಾಟದ ಸನ್ನೆಗೆ ಅಡ್ಡವಾಗಿ ಒಂದು ಸ್ಕ್ರೂ ಇಟ್ಟು, ಕೂದಲೆಳೆಯಷ್ಟು ಸಂದು ಉಳಿಯುವಂತೆ ಮಾಡಿರುತ್ತಾರೆ. ಇದೇ ಥ್ರಾಟಲ್ ಸ್ಕ್ರೂ. ಗ್ಯಾರೇಜಿನ ಭಾಷೆಯಲ್ಲಿ ರೇಸ್ ಸ್ಕ್ರೂ. ಕವಾಟದ ಕೆಳಗೆ, ಅಂದರೆ ಎಂಜಿನ್ ಕಡೆಗೆ, ಪಿಸ್ಟನ್‌ಗಳ ಎಳೆತದಿಂದ ಬಲವಾದ ನಿರ್ವಾತ ಉಂಟಾಗುತ್ತದೆ. ಆ ನಿರ್ವಾತವೇ ಒಂದು ಸಣ್ಣ ರಂಧ್ರದ ಮೂಲಕ ಪೆಟ್ರೋಲನ್ನು ಹೀರಿಕೊಳ್ಳುತ್ತದೆ. ಹೀಗೆ ಹೀರುವ ಪ್ರಮಾಣವನ್ನು ನಿಯಂತ್ರಿಸುವುದು ಎರಡನೆಯ ಸ್ಕ್ರೂ. ಸೂಜಿಮೊನೆಯ ಈ ಸ್ಕ್ರೂವಿಗೆ ಮಿಕ್ಸ್ಚರ್ ಸ್ಕ್ರೂ ಎಂದು ಹೆಸರು.

ಇವೆರಡರ ಜತೆಗೆ ಮೂರನೆಯದೊಂದು ವ್ಯವಸ್ಥೆಯಿದೆ. ಹೊರಗೆ ಕಾಣದ ಕಾರಣ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಥ್ರಾಟಲ್ ಕವಾಟದ ಅಂಚು ಗೋಡೆಗೆ ತಾಗುವ ಜಾಗದಲ್ಲೇ ಒಂದೆರಡು ಕಿರುರಂಧ್ರಗಳಿರುತ್ತವೆ. ಐಡ್ಲಿಂಗ್ ಸಮಯದಲ್ಲಿ ಕವಾಟ ಇವುಗಳನ್ನು ಮರೆಮಾಡಿರಬೇಕು. ಕಾಲಿಟ್ಟು ಎಕ್ಸಲರೇಟರ್ ಒತ್ತಿದಾಗ ಕವಾಟ ತುಸು ತೆರೆದು, ಈ ರಂಧ್ರಗಳಿಂದಲೂ ಪೆಟ್ರೋಲ್ ಹೊರಬಂದು, ಕಾರು ಮುಗ್ಗರಿಸದೆ ಮುಂದೆ ಸಾಗುತ್ತದೆ. ಥ್ರಾಟಲ್ ಸ್ಕ್ರೂವನ್ನು ಅತಿಯಾಗಿ ತಿರುಗಿಸಿದಾಗ ಕವಾಟ ನಿಂತಲ್ಲೇ ಈ ರಂಧ್ರಗಳು ತೆರೆದುಕೊಳ್ಳುತ್ತವೆ. ಆಗ ಮಿಕ್ಸ್ಚರ್ ಸ್ಕ್ರೂವಿನ ಹಿಡಿತಕ್ಕೆ ಸಿಗದ ಪೆಟ್ರೋಲ್ ಎಂಜಿನ್‌ಗೆ ಸೇರುತ್ತಿರುತ್ತದೆ. ಮಿಕ್ಸ್ಚರ್ ಸ್ಕ್ರೂವನ್ನು ಒಳಕ್ಕೂ ಹೊರಕ್ಕೂ ತಿರುಗಿಸಿದರೂ ಎಂಜಿನ್ ಸದ್ದಿನಲ್ಲಿ ವ್ಯತ್ಯಾಸವೇ ಕಾಣದಿದ್ದರೆ, ಥ್ರಾಟಲ್ ಅತಿಯಾಗಿ ತೆರೆದಿದೆ ಅಥವಾ ಐಡ್ಲಿಂಗ್ ಜೆಟ್ ಕಟ್ಟಿಕೊಂಡಿದೆ ಎಂದೇ ಅರ್ಥ. ಕಾರಿನಲ್ಲಿ ಹಿಂದೆ ಯಾರೋ 'ರೇಸ್ ಏರಿಸಿ' ಹೋಗಿದ್ದಾರೆಯೇ ಎಂದು ತಿಳಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಮೂರು ಸಿಲಿಂಡರ್‌ನ ಸ್ವಭಾವ

1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದು 2014ರ ಜನವರಿಯಲ್ಲಿ ತಯಾರಿಕೆ ನಿಂತ ಮಾರುತಿ 800 ರಾಜ್ಯದ ಅಸಂಖ್ಯ ಮಧ್ಯಮ ವರ್ಗದ ಮನೆಗಳ ಮೊದಲ ಕಾರು. 796 ಸಿಸಿ ಎಂಜಿನ್, ಮೂರು ಸಿಲಿಂಡರ್. 2000ದಲ್ಲಿ ಎಂಪಿಎಫ್‌ಐ ವ್ಯವಸ್ಥೆ ಬರುವವರೆಗೂ ಇದು ಕಾರ್ಬುರೇಟರ್ ಮೇಲೆಯೇ ಓಡಿತು. ಇಂಥ ಎಂಜಿನ್ ಐಡ್ಲಿಂಗ್‌ನಲ್ಲಿ ಸ್ವಲ್ಪ ನಡುಗುವುದು ಸಹಜ. ನಿಮಿಷಕ್ಕೆ 900 ಸುತ್ತು ತಿರುಗುವಾಗ ನಾಲ್ಕು ಸಿಲಿಂಡರ್‌ನ ಎಂಜಿನ್‌ನಲ್ಲಿ ಸೆಕೆಂಡಿಗೆ 30 ಬಾರಿ ದಹನ ನಡೆದರೆ, ಮೂರು ಸಿಲಿಂಡರ್‌ನದರಲ್ಲಿ ನಡೆಯುವುದು ಇಪ್ಪತ್ತೆರಡೂವರೆ ಬಾರಿ ಮಾತ್ರ. ಪ್ರೀಮಿಯರ್ ಪದ್ಮಿನಿಯಿಂದ ಮಾರುತಿಗೆ ಬಂದವರು ಈ ನಡುಕವನ್ನು ದೋಷವೆಂದು ಭಾವಿಸಿ ರೇಸ್ ಏರಿಸಿಕೊಂಡದ್ದುಂಟು. ಇನ್ನೊಂದು ಮಾತು: ಮೂರರಲ್ಲಿ ಒಂದು ಸಿಲಿಂಡರ್ ಕೈಕೊಟ್ಟರೆ ಶಕ್ತಿಯ ಮೂರನೆಯ ಒಂದು ಭಾಗವೇ ಹೋಯಿತು. ಐಡ್ಲಿಂಗ್‌ನಲ್ಲಿ ಅದು ತಡೆಯಲಾರದು.

ಸ್ಕ್ರೂವಿಗಿಂತ ಮೊದಲು

ತಪಾಸಣೆ ಸುಲಭದಿಂದ ಕಷ್ಟದ ಕಡೆಗೆ ಸಾಗಬೇಕು. ಏರ್ ಫಿಲ್ಟರ್ ಧೂಳು ಕಟ್ಟಿದೆಯೇ, ಚೋಕ್ ಪೂರ್ತಿ ತೆರೆದುಕೊಳ್ಳುತ್ತಿದೆಯೇ, ಎಕ್ಸಲರೇಟರ್ ಕೇಬಲ್ ಬಿಗಿಯಾಗಿದೆಯೇ ಎಂಬುದನ್ನು ಉಪಕರಣವಿಲ್ಲದೆಯೇ ನೋಡಬಹುದು. ಕೇಬಲ್‌ನಲ್ಲಿ ತುಸು ಸಡಿಲವಿರಬೇಕು; ಇಲ್ಲದಿದ್ದರೆ ಥ್ರಾಟಲ್ ಸನ್ನೆ ಸ್ಕ್ರೂವಿನ ಮೇಲೆ ಕೂರದೆ ಕೇಬಲ್‌ಗೇ ಜೋತುಬಿದ್ದಿರುತ್ತದೆ. ಆಗ ಸ್ಕ್ರೂ ಎಷ್ಟು ಸಡಿಲಿಸಿದರೂ ರೇಸ್ ಇಳಿಯದು.

ಅನಂತರದ ಸರದಿ ಸ್ಪಾರ್ಕ್ ಪ್ಲಗ್‌ಗಳದು. ತುದಿ ತಿಳಿಗಂದು ಬಣ್ಣದಲ್ಲಿದ್ದರೆ ಕ್ಷೇಮ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಸುಣ್ಣ ಬಳಿದಂತೆ ಬೆಳ್ಳಗಿದ್ದರೆ ಗಾಳಿ ಹೆಚ್ಚಾಗಿದೆ. ಎಣ್ಣೆಯಿಂದ ಒದ್ದೆಯಾಗಿದ್ದರೆ ತೊಂದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಗೈಡ್‌ನಲ್ಲಿದೆ. ಅದಕ್ಕೆ ಕಾರ್ಬುರೇಟರ್‌ನಲ್ಲಿ ಮದ್ದಿಲ್ಲ. ಪದ್ಮಿನಿ, ಅಂಬಾಸಡರ್‌ನಂಥ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್‌ಗಳು ಸುಟ್ಟು ಗುಳಿ ಬಿದ್ದಿವೆಯೇ ಎಂದು ನೋಡಿ, ಸಂದನ್ನು ಕೈಪಿಡಿಯಲ್ಲಿರುವ ಅಳತೆಗೆ ತಂದು, ಬಳಿಕ ಟೈಮಿಂಗ್ ಹೊಂದಿಸಬೇಕು. ವಾಲ್ವ್ ಕ್ಲಿಯರೆನ್ಸ್ ಬಿಗಿಯಾಗಿದ್ದರೂ ಐಡ್ಲಿಂಗ್ ಕೆಡುತ್ತದೆ. ವೇಗದಲ್ಲಿ ಓಡುವಾಗ ಗೊತ್ತೇ ಆಗುವುದಿಲ್ಲ.

ಎಂಜಿನ್ ರೇಸ್ ಕೊಟ್ಟರೆ ಚೆನ್ನಾಗಿ ಓಡಿ, ಕಾಲು ತೆಗೆದ ತಕ್ಷಣ ಆಫ್ ಆಗುತ್ತಿದ್ದರೆ ಐಡ್ಲಿಂಗ್ ಜೆಟ್‌ನಲ್ಲಿ ಕಸ ಸಿಲುಕಿರುವ ಸಾಧ್ಯತೆ ಹೆಚ್ಚು. ಅನೇಕ ಕಾರ್ಬುರೇಟರ್‌ಗಳಲ್ಲಿ ಈ ದಾರಿಗೆ ವಿದ್ಯುತ್‌ನಿಂದ ತೆರೆಯುವ ಸಣ್ಣ ಕವಾಟವೊಂದನ್ನೂ ಜೋಡಿಸಿರುತ್ತಾರೆ. ಕೀಲಿ ಆನ್ ಮಾಡಿದಾಗ ಅದು 'ಟಿಕ್' ಎನ್ನಬೇಕು. ಆ ಸದ್ದು ಕೇಳಿಸದಿದ್ದರೆ ಮೊದಲು ಅದರ ವೈರ್ ನೋಡಬೇಕು. ಕಳಚಿದ ಒಂದು ವೈರ್‌ಗಾಗಿ ಇಡೀ ಕಾರ್ಬುರೇಟರ್ ಬಿಚ್ಚಿಸಿಕೊಂಡವರಿದ್ದಾರೆ. ಜೆಟ್ ಶುಚಿಗೊಳಿಸಲು ಕಾರ್ಬುರೇಟರ್ ಕ್ಲೀನರ್ ಮತ್ತು ಗಾಳಿಯ ಒತ್ತಡ ಸಾಕು. ತಂತಿ, ಪಿನ್ನು ತೂರಿಸಿದರೆ ರಂಧ್ರ ಅಗಲವಾಗಿ, ಜೆಟ್ ಕೆಲಸಕ್ಕೆ ಬಾರದಂತಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ಕಣ್ತಪ್ಪುವ ದೋಷವೆಂದರೆ ಗಾಳಿ ಸೋರಿಕೆ. ಕಾರ್ಬುರೇಟರ್ ಬುಡದ ಗ್ಯಾಸ್ಕೆಟ್, ಡಿಸ್ಟ್ರಿಬ್ಯೂಟರ್‌ಗೆ ಹೋಗುವ ಸಣ್ಣ ಪೈಪು, ಬ್ರೇಕ್ ಬೂಸ್ಟರ್‌ಗೆ ಹೋಗುವ ದಪ್ಪ ಪೈಪು, ಇವುಗಳ ಪೈಕಿ ಎಲ್ಲಿ ಬಿರುಕು ಬಿಟ್ಟರೂ ಲೆಕ್ಕಕ್ಕೆ ಸಿಗದ ಗಾಳಿ ಒಳನುಗ್ಗುತ್ತದೆ. ಎಂಜಿನ್ ಸದ್ದು ಏರುತ್ತ ಇಳಿಯುತ್ತ ಅಲೆಯಂತೆ ತೂಗಾಡುತ್ತದೆ. ಓಡುತ್ತಿರುವ ಎಂಜಿನ್‌ನ ಜೋಡಣೆಗಳ ಮೇಲೆ ಸಾಬೂನು ನೀರನ್ನು ತುಸುತುಸುವೇ ಹಾಕುತ್ತ ಹೋದರೆ ಸೋರುವ ಜಾಗದಲ್ಲಿ ನೀರು ಒಳಕ್ಕೆ ಎಳೆದುಕೊಂಡು ಸದ್ದು ಬದಲಾಗುತ್ತದೆ. ಪೆಟ್ರೋಲ್ ಚಿಮುಕಿಸಿ ನೋಡುವ ಪದ್ಧತಿಯೂ ಕೆಲವೆಡೆ ಇದೆ. ಬಿಸಿ ಎಂಜಿನ್ ಮತ್ತು ಕಿಡಿ ಹಾರುವ ವೈರ್‌ಗಳ ನಡುವೆ ಅದು ಬೆಂಕಿಗೆ ಕೊಡುವ ಆಹ್ವಾನ.

ಬ್ರೇಕ್ ಬೂಸ್ಟರ್ ಪೈಪನ್ನು ಇಕ್ಕಳದಿಂದ ಮೆಲ್ಲನೆ ಹಿಸುಕಿದಾಗ ಐಡ್ಲಿಂಗ್ ಸರಿಹೋದರೆ, ಬೂಸ್ಟರ್‌ನ ಒಳಗಿನ ರಬ್ಬರ್ ಪರದೆಯೋ ಪೈಪೋ ಹರಿದಿದೆ ಎಂದೇ ಬಗೆಯಬೇಕು. ಅಲ್ಲಿಗೆ ಐಡ್ಲಿಂಗ್‌ನ ಪ್ರಶ್ನೆ ಮುಗಿದು ಬ್ರೇಕಿನ ಪ್ರಶ್ನೆ ಆರಂಭವಾಯಿತು. ಇಂಥ ಕಾರಿನಲ್ಲಿ ರೇಸ್ ಏರಿಸಿ ಕಳಿಸಿದರೆ ಮಾಲೀಕರಿಗೆ ಎಲ್ಲವೂ ಸರಿಯಾದಂತೆ ತೋರುತ್ತದೆ. ಬ್ರೇಕ್ ಪೆಡಲ್ ಮಾತ್ರ ದಿನದಿಂದ ದಿನಕ್ಕೆ ಗಟ್ಟಿಯಾಗುತ್ತ ಹೋಗುತ್ತದೆ.

ಹೊಂದಿಸುವ ಕ್ರಮ

ಮೇಲಿನವೆಲ್ಲ ಸರಿಯಿದ್ದೂ ಎಂಜಿನ್ ನಿಲ್ಲುತ್ತಿದ್ದರೆ ಈಗ ಸ್ಕ್ರೂಡ್ರೈವರ್ ಹಿಡಿಯಬಹುದು. ಕಾರನ್ನು ಹತ್ತು ಹದಿನೈದು ನಿಮಿಷ ಓಡಿಸಿ ಎಂಜಿನ್ ಪೂರ್ತಿ ಬಿಸಿಯಾಗಿರಬೇಕು. ತಣ್ಣಗಿರುವಾಗ ಹೊಂದಿಸಿದ ಐಡ್ಲಿಂಗ್ ಬಿಸಿಯಾದ ಮೇಲೆ ಉಳಿಯುವುದಿಲ್ಲ. ಸಮತಟ್ಟಾದ, ಗಾಳಿಯಾಡುವ ಜಾಗ, ಹ್ಯಾಂಡ್‌ಬ್ರೇಕ್ ಎಳೆದು ಗೇರ್ ನ್ಯೂಟ್ರಲ್, ದೀಪ, ಏ.ಸಿ. ಆಫ್, ಏರ್ ಫಿಲ್ಟರ್ ತನ್ನ ಜಾಗದಲ್ಲೇ. ಬಾಗಿಲು ಮುಚ್ಚಿದ ಶೆಡ್‌ನೊಳಗೆ ಈ ಕೆಲಸ ಕೂಡದು. ಐಡ್ಲಿಂಗ್ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಪ್ರಾಣ ತೆಗೆಯುವ ಮುನ್ನ ಅದು ಎಚ್ಚರಿಕೆ ಕೊಡುವುದಿಲ್ಲ.

ಎರಡೂ ಸ್ಕ್ರೂಗಳು ಈಗ ಯಾವ ಸ್ಥಿತಿಯಲ್ಲಿವೆ ಎಂಬುದನ್ನು ಗುರುತು ಹಾಕಿಕೊಳ್ಳುವುದು ಮೊದಲ ಕೆಲಸ. ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ಒಳಕ್ಕೆ ತಿರುಗಿಸುತ್ತ, ತಳ ಮುಟ್ಟುವವರೆಗಿನ ಸುತ್ತುಗಳನ್ನು ಎಣಿಸಿ ಬರೆದಿಟ್ಟುಕೊಂಡರೆ ಕೆಟ್ಟಾಗ ಮರಳಲು ದಾರಿಯಿರುತ್ತದೆ. ತಳ ಮುಟ್ಟಿದ ಮೇಲೆ ಬಿಗಿ ಮಾಡಬಾರದು. ಸೂಜಿಮೊನೆಯಲ್ಲಿ ಗೆರೆ ಬಿದ್ದರೆ ಆ ಸ್ಕ್ರೂ ಮತ್ತೆಂದೂ ಮಾತು ಕೇಳುವುದಿಲ್ಲ. ಅಲ್ಲಿಂದ ಒಂದೂವರೆಯಿಂದ ಎರಡೂವರೆ ಸುತ್ತು ಹೊರಕ್ಕೆ ತಂದರೆ ಸಾಮಾನ್ಯವಾಗಿ ಎಂಜಿನ್ ಆಫ್ ಆಗದೆ ಓಡುವ ಸ್ಥಿತಿಗೆ ಬರುತ್ತದೆ.

ಆಮೇಲೆ ಥ್ರಾಟಲ್ ಸ್ಕ್ರೂವಿನಿಂದ ವೇಗವನ್ನು ಕೈಪಿಡಿ ಸೂಚಿಸುವ ಮಟ್ಟಕ್ಕೆ ತರಬೇಕು. ಹೆಚ್ಚಿನ ಹಳೆಯ ಪೆಟ್ರೋಲ್ ಕಾರುಗಳಲ್ಲಿ ಇದು ನಿಮಿಷಕ್ಕೆ 800ರಿಂದ 900 ಸುತ್ತಿನ ಆಸುಪಾಸು. ಮಾರುತಿ 800ರಂಥ ಕಾರುಗಳಲ್ಲಿ ಸುತ್ತು ತೋರಿಸುವ ಮೀಟರ್ ಇಲ್ಲದ ಕಾರಣ ಮೆಕ್ಯಾನಿಕ್‌ಗಳು ಕಿವಿಯನ್ನೇ ನಂಬುತ್ತಾರೆ. ಪಳಗಿದ ಕಿವಿ ಮೋಸ ಮಾಡುವುದು ಕಡಿಮೆ. ಆದರೂ ಪ್ಲಗ್ ವೈರ್‌ಗೆ ಸಿಕ್ಕಿಸುವ ಸಣ್ಣ ಟ್ಯಾಕೋಮೀಟರ್ ಇದ್ದರೆ ವಾದವೇ ಇರುವುದಿಲ್ಲ. ಈಗ ಮಿಕ್ಸ್ಚರ್ ಸ್ಕ್ರೂವನ್ನು ಕಾಲು ಸುತ್ತಿನಂತೆ ತಿರುಗಿಸುತ್ತ, ಪ್ರತಿ ಬಾರಿಯೂ ಎಂಜಿನ್ ಸ್ಥಿಮಿತಕ್ಕೆ ಬರುವವರೆಗೆ ಕಾಯಬೇಕು. ಒಳಕ್ಕೆ ಹೋದಂತೆ ಎಂಜಿನ್ ಮುಗ್ಗರಿಸತೊಡಗುತ್ತದೆ, ಹೊರಕ್ಕೆ ಬಂದಂತೆ ಚುರುಕಾಗುತ್ತದೆ, ಇನ್ನೂ ಹೊರಕ್ಕೆ ಬಂದರೆ ಭಾರವಾಗಿ ಮಂಕಾಗುತ್ತದೆ. ನಡುವೆ ಅತಿ ವೇಗವಾಗಿ, ಅತಿ ನಯವಾಗಿ ಓಡುವ ಬಿಂದುವೇ ಬೇಕಾದದ್ದು. ಅಲ್ಲಿಂದ ಕೂದಲೆಳೆಯಷ್ಟು ಒಳಕ್ಕೆ ತಂದರೆ ಹೊಗೆಯೂ ಹಿತಮಿತ. ವೇಗ ಏರಿರುತ್ತದಾದ್ದರಿಂದ ಥ್ರಾಟಲ್ ಸ್ಕ್ರೂ ಸಡಿಲಿಸಿ ಮತ್ತೆ ಕೆಳಕ್ಕಿಳಿಸಿ, ಮಿಕ್ಸ್ಚರ್ ಮತ್ತೊಮ್ಮೆ ನೋಡಬೇಕು. ಎರಡು ಮೂರು ಆವರ್ತನೆಗಳಲ್ಲಿ ಕೆಲಸ ಮುಗಿಯುತ್ತದೆ. ಕೆಲವು ಕಾರ್ಬುರೇಟರ್‌ಗಳಲ್ಲಿ ಈ ಸ್ಕ್ರೂ ಪೆಟ್ರೋಲ್ ಬದಲು ಗಾಳಿಯನ್ನು ನಿಯಂತ್ರಿಸುತ್ತದೆ. ಅಲ್ಲಿ ಒಳ-ಹೊರಗಿನ ಪರಿಣಾಮ ತಿರುಗುಮುರುಗು. ಏ.ಸಿ. ಇರುವ ಕಾರಿನಲ್ಲಿ ರೇಸ್ ಏರಿಸಲು ಬೇರೆಯದೇ ಸಾಧನ, ಅದಕ್ಕೆ ಬೇರೆಯದೇ ಸ್ಕ್ರೂ ಇರುತ್ತದೆ. ಮೂಲ ಐಡ್ಲಿಂಗ್ ಹೊಂದಿಸಿದ ನಂತರವಷ್ಟೇ ಅದರ ಸರದಿ.

ಮಾರಿಸ್ ಮೈನರ್‌ನಂಥ ಕಾರುಗಳ ಎಸ್‌ಯು ಕಾರ್ಬುರೇಟರ್‌ನ ಜಾತಿಯೇ ಬೇರೆ. ಅದರಲ್ಲಿ ಐಡ್ಲಿಂಗ್‌ಗೆಂದೇ ಪ್ರತ್ಯೇಕ ಮಿಕ್ಸ್ಚರ್ ಸ್ಕ್ರೂ ಇಲ್ಲ. ಕೆಳಗಿನ ಜೆಟ್ ನಟ್ ತಿರುಗಿಸಿದರೆ ಎಲ್ಲ ವೇಗಗಳ ಮಿಶ್ರಣವೂ ಬದಲಾಗುತ್ತದೆ. ಒಳಗಿನ ಪಿಸ್ಟನ್ನನ್ನು ಒಂದು ಮಿಲಿಮೀಟರಿಗಿಂತ ಕಡಿಮೆ ಎತ್ತಿದಾಗ ಎಂಜಿನ್ ಕ್ಷಣಕಾಲ ಚುರುಕಾಗಿ ಮತ್ತೆ ಮೊದಲಿನಂತಾದರೆ ಸರಿ. ವೇಗ ಏರಿಯೇ ಉಳಿದರೆ ಪೆಟ್ರೋಲ್ ಹೆಚ್ಚು. ಆಫ್ ಆದರೆ ಕಡಿಮೆ.

ಎಮಿಷನ್ ಟೆಸ್ಟ್ ಕಸರತ್ತು

ಭಾರತ್ ಸ್ಟೇಜ್-2ಕ್ಕಿಂತ ಹಿಂದಿನ ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮಾನಾಕ್ಸೈಡ್ ಮಿತಿ ಶೇ. 3, ಹೈಡ್ರೋಕಾರ್ಬನ್ ಮಿತಿ 1500 ಪಿಪಿಎಂ. ಸ್ಟೇಜ್-2 ಮತ್ತು 3ರ ಕಾರುಗಳಿಗೆ ಇವು ಶೇ. 0.5 ಮತ್ತು 750. ಪರೀಕ್ಷೆಗೆ ಮುನ್ನ ಮಿಕ್ಸ್ಚರ್ ಸ್ಕ್ರೂವನ್ನು ಒಳಕ್ಕೆ ತಿರುಗಿಸಿ ಪಾಸು ಮಾಡಿಸಿ, ಹೊರಬಂದ ಮೇಲೆ ಮತ್ತೆ ಸಡಿಲಿಸುವ ಕಸರತ್ತು ಎಲ್ಲರಿಗೂ ತಿಳಿದದ್ದೇ. ಆದರೆ ಆ ಯಂತ್ರದ ಅಂಕಿಗಳು ಪಾಸು-ಫೇಲಿಗಿಂತ ಹೆಚ್ಚಿನದನ್ನು ಹೇಳುತ್ತವೆ. ಕಾರ್ಬನ್ ಮಾನಾಕ್ಸೈಡ್ ತೀರ ಕಡಿಮೆಯಿದ್ದು ಹೈಡ್ರೋಕಾರ್ಬನ್ ಏರಿದ್ದರೆ ಮಿಶ್ರಣ ತೆಳುವಾಗಿದೆ ಅಥವಾ ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದೆ. ಎರಡೂ ಏರಿದ್ದರೆ ಪೆಟ್ರೋಲ್ ಅತಿಯಾಗಿದೆ. ಅನಲೈಸರ್ ಜೋಡಿಸಿಟ್ಟುಕೊಂಡೇ ಟ್ಯೂನಿಂಗ್ ಮಾಡುವ ಗ್ಯಾರೇಜ್ ಸಿಕ್ಕರೆ ಅದನ್ನು ಬಿಡಬಾರದು.

ಕರಾವಳಿಯಿಂದ ಬೆಂಗಳೂರಿಗೆ

ಸಮುದ್ರಮಟ್ಟದ ಮಂಗಳೂರಿನಲ್ಲಿ ಚೊಕ್ಕವಾಗಿ ಟ್ಯೂನ್ ಆದ ಕಾರು ಶಿರಾಡಿ ಘಾಟಿ ಹತ್ತಿ ಬೆಂಗಳೂರಿಗೆ ಬಂದಾಗ ಮಂಕಾಗುವುದುಂಟು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಸಾಂದ್ರತೆ ಶೇ. 8ರಷ್ಟು ಕಡಿಮೆ. ಕಾರ್ಬುರೇಟರ್‌ಗೆ ಇದು ತಿಳಿಯುವುದಿಲ್ಲವಾಗಿ ಪೆಟ್ರೋಲ್ ಪಾಲು ಹೆಚ್ಚಾಗುತ್ತದೆ. ಕಾರು ಎಲ್ಲಿ ಹೆಚ್ಚು ಓಡುತ್ತದೆಯೋ ಅಲ್ಲಿಯೇ ಟ್ಯೂನ್ ಮಾಡಿಸುವುದು ಲೇಸು. ಘಟ್ಟ ಇಳಿಯುವಾಗಲೂ ಈ ವಿಷಯಕ್ಕೆ ಮಹತ್ವವಿದೆ. ರೇಸ್ ಏರಿಸಿದ ಕಾರಿನಲ್ಲಿ ಕಾಲು ತೆಗೆದರೂ ಎಂಜಿನ್ ತಳ್ಳುತ್ತಲೇ ಇರುವುದರಿಂದ ಕೆಳ ಗೇರಿನ ಹಿಡಿತ ಕುಗ್ಗಿ, ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ.

ಎಥನಾಲ್ ಮಿಶ್ರಣದ ಪರಿಣಾಮ ಇದಕ್ಕೆ ವಿರುದ್ಧ. 2023ರಲ್ಲಿ ಮಾರಾಟ ಆರಂಭವಾದ ಶೇ. 20ರ ಎಥನಾಲ್ ಪೆಟ್ರೋಲ್ 2025ರ ಹೊತ್ತಿಗೆ ದೇಶದ ಬಂಕ್‌ಗಳಲ್ಲಿ ಸಾಮಾನ್ಯವಾಯಿತು. ಶುದ್ಧ ಪೆಟ್ರೋಲ್ ಒಂದು ಪಾಲಿಗೆ ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ, ಈ ಮಿಶ್ರಣಕ್ಕೆ ಸಾಕಾಗುವುದು ಸುಮಾರು 13.5 ಪಾಲು. ಹಳೆಯ ಜೆಟ್‌ಗಳು ಮೊದಲಿನ ಲೆಕ್ಕದಲ್ಲೇ ಸುರಿಯುವುದರಿಂದ ಎಂಜಿನ್‌ಗೆ ಮಿಶ್ರಣ ತೆಳುವಾಗಿ, ಐಡ್ಲಿಂಗ್ ತೂಗಾಡುತ್ತದೆ. ಮಿಕ್ಸ್ಚರ್ ಸ್ಕ್ರೂವನ್ನು ಅರ್ಧ ಸುತ್ತಿನಷ್ಟು ಹೊರಕ್ಕೆ ತಂದರೆ ಸಾಮಾನ್ಯವಾಗಿ ಸುಧಾರಿಸುತ್ತದೆ. ಥ್ರಾಟಲ್ ಸ್ಕ್ರೂ ಇದಕ್ಕೆ ಉತ್ತರವಲ್ಲ. ಹಳೆಯ ರಬ್ಬರ್ ಪೈಪು, ಡಯಾಫ್ರಂಗಳನ್ನು ಎಥನಾಲ್ ಮೆತ್ತಗಾಗಿಸುತ್ತದೆ. ಪೆಟ್ರೋಲ್ ಸೋರಿಕೆಯ ವಾಸನೆ ಬಂದರೆ ಅಂದೇ ಬದಲಾಯಿಸಬೇಕು.

ಎಂಪಿಎಫ್‌ಐ ಕಾರಿಗೆ ಈ ಮಾತು ಸಲ್ಲದು

1998ರ ಸ್ಯಾಂಟ್ರೋದಿಂದ ಹಿಡಿದು ಎಂಪಿಎಫ್‌ಐ ಕಾರುಗಳೂ ಈಗ ಹಳೆಯವೇ ಆಗಿವೆ. ಅವುಗಳ ಥ್ರಾಟಲ್ ಬಾಡಿಯ ಮೇಲೂ ಒಂದು ಸ್ಕ್ರೂ ಕಾಣುತ್ತದೆ, ಅದರ ಮೇಲೆ ಬಣ್ಣದ ಮುದ್ರೆಯೂ ಇರುತ್ತದೆ. ಆ ಮುದ್ರೆಗೆ ಅರ್ಥವಿದೆ. ಇಲ್ಲಿ ಐಡ್ಲಿಂಗ್ ವೇಗವನ್ನು ನಿರ್ಧರಿಸುವುದು ಕಂಪ್ಯೂಟರ್; ಅದರ ಆಜ್ಞೆಯಂತೆ ಪ್ರತ್ಯೇಕ ಗಾಳಿ ಕವಾಟವೊಂದು ತೆರೆದು ಮುಚ್ಚುತ್ತದೆ. ಸ್ಕ್ರೂ ತಿರುಗಿಸಿದರೆ ಥ್ರಾಟಲ್ ಇನ್ನೂ ತೆರೆದೇ ಇದೆ ಎಂದು ಸೆನ್ಸರ್ ವರದಿ ಮಾಡುತ್ತದೆ. ಕಂಪ್ಯೂಟರ್ ತನ್ನ ಐಡ್ಲಿಂಗ್ ಕ್ರಮಕ್ಕೆ ಬರುವುದೇ ಇಲ್ಲ; ಇಳಿಜಾರಿನಲ್ಲಿ ಪೆಟ್ರೋಲ್ ಕಡಿತ ಮಾಡುವುದೂ ಇಲ್ಲ. ಇಂಥ ಕಾರುಗಳಲ್ಲಿ ದೋಷ ಬಹುಪಾಲು ಥ್ರಾಟಲ್ ಕವಾಟದ ಅಂಚಿನಲ್ಲಿ ಕಟ್ಟಿದ ಕರಿ ಜಿಡ್ಡಿನದು. ಥ್ರಾಟಲ್ ಬಾಡಿ ಕ್ಲೀನರ್‌ನಿಂದ ಒರೆಸಿ, ಗಾಳಿ ಕವಾಟವನ್ನೂ ಶುಚಿ ಮಾಡಿ, ಕೆಲವು ನಿಮಿಷ ಐಡ್ಲಿಂಗ್‌ನಲ್ಲಿ ಬಿಟ್ಟರೆ ಕಂಪ್ಯೂಟರ್ ಹೊಸ ಲೆಕ್ಕ ಕಲಿತುಕೊಳ್ಳುತ್ತದೆ. ಕೇಬಲ್ ಇಲ್ಲದ ವಿದ್ಯುನ್ಮಾನ ಥ್ರಾಟಲ್ ಆಗಿದ್ದರೆ ಕವಾಟವನ್ನು ಬೆರಳಿನಿಂದ ಒತ್ತಬಾರದು. ಒಳಗಿನ ಹಲ್ಲುಚಕ್ರ ಮುರಿದರೆ ಇಡೀ ಘಟಕವನ್ನೇ ಕೊಳ್ಳಬೇಕಾದೀತು.

ಕಾರ್ಬುರೇಟರ್ ಕಾರಿನಲ್ಲಿ ಇಷ್ಟೆಲ್ಲ ಮಾಡಿದ ಮೇಲೂ ಐಡ್ಲಿಂಗ್ ಇಂದು ಒಂದು ಬಗೆ, ನಾಳೆ ಇನ್ನೊಂದು ಬಗೆಯಾದರೆ ಥ್ರಾಟಲ್ ದಂಡವನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಬೇಕು. ಅದು ಕೂರುವ ರಂಧ್ರ ಸವೆದು ಅಗಲವಾಗಿದ್ದರೆ ಗಾಳಿ ಅಲ್ಲಿಂದಲೇ ನುಸುಳುತ್ತದೆ. ಲೇತ್ ಕೆಲಸ ಬಲ್ಲವರಿಂದ ಹೊಸ ಬುಷ್ ಹಾಕಿಸಬಹುದು, ಇಲ್ಲವೇ ಬೇರೆ ಕಾರ್ಬುರೇಟರ್ ತರಬೇಕು. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಬಿಡಿಭಾಗದ ಅಂಗಡಿಗಳಲ್ಲಿ ಹಳೆಯ ಕಾರ್ಬುರೇಟರ್ ಹುಡುಕುವವರು ಹೊಳಪು ನೋಡಿ ಮರುಳಾಗದೆ, ಮೊದಲು ಈ ದಂಡವನ್ನೇ ಅಲ್ಲಾಡಿಸಿ ನೋಡುವುದು ಒಳಿತು.